ಎಡಗಡೆಯ ಮುಂದಿನ ಜಾಗ

"ಐದು ಜನಕ್ಕೆ ನಾಲ್ಕು ದಿನಕ್ಕೆ ಎಷ್ಟು ಉಪ್ಪು ಬೇಕಾಗತ್ತೆ?"

ಕೇಳಿದ್ದು ಅವನೇ. ಉತ್ತರ ಕೊಡುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ಭಾನುವಾರದ ಬೆಳಿಗ್ಗೆ, ಸಿದ್ಧ ಉಡುಪಿನ ಕಾರ್ಖಾನೆಯ ಎರಡನೆಯ ಮಹಡಿಯಲ್ಲಿ ಇನ್ನೂರು ಹೊಲಿಗೆ ಯಂತ್ರಗಳು ಬಿಳಿ ಮುಸುಕು ಹೊದ್ದು ಸಾಲು ಸಾಲಾಗಿ ಕೂತಿದ್ದವು. ಅವುಗಳ ಮೆಕ್ಯಾನಿಕ್ ಆದ ಅವನು ವಾರಕ್ಕೊಮ್ಮೆ ಎಣ್ಣೆ ಹಾಕುವ ಕೆಲಸ ಮುಗಿಸಿ, ಡಬ್ಬಿಯನ್ನು ಕಾಲ ಬಳಿ ಇಟ್ಟು, ಬಲಗಿವಿಯನ್ನು ಅಂಗೈಯಿಂದ ಒತ್ತಿ ಮುಚ್ಚಿಕೊಂಡು, ಆ ಖಾಲಿ ಹಾಲಿನ ಉದ್ದಕ್ಕೂ ಪ್ರಶ್ನೆಯನ್ನು ಬಿಟ್ಟಿದ್ದ. ತನ್ನ ದನಿ ತನಗೆ ತಲೆಯೊಳಗಿಂದಲೇ ಕೇಳುತ್ತದೆ, ಅದು ಲೆಕ್ಕಕ್ಕಿಲ್ಲ ಎಂದು ಕಿವಿಯ ಡಾಕ್ಟರು ಹೇಳಿದ್ದರು. ಲೆಕ್ಕಕ್ಕೆ ಬರುವುದು ಎದುರು ಗೋಡೆಗೆ ಬಡಿದು ಮರಳುವ ದನಿ. ಅದಕ್ಕಾಗಿ ಕಾದ. ಎಡಗಡೆಯಿಂದ ಏನೂ ಬರಲಿಲ್ಲ. ಅಂಗೈ ತೆಗೆದು ಇನ್ನೊಮ್ಮೆ ಕೇಳಿದಾಗ ಬಲಗಡೆಯಿಂದ, ಯಾರೋ ಹೊದಿಕೆಯೊಳಗೆ ಮುಖ ಹುದುಗಿಸಿಕೊಂಡು ಮಾತಾಡಿದ ಹಾಗೆ, 'ಉಪ್ಪು' ಎಂಬುದಷ್ಟೇ ತಿರುಗಿ ಬಂತು.

ಹೋದ ತಿಂಗಳು ಇನ್ನೂ 'ಎಷ್ಟು' ಕೂಡ ಬರುತ್ತಿತ್ತು.

ಇಪ್ಪತ್ತೆರಡು ವರ್ಷ ಬಲಗೈಯಲ್ಲಿ ಯಂತ್ರದ ಚಕ್ರ ತಿರುಗಿಸುತ್ತ, ಎಡಗಿವಿಯನ್ನು ಅದರ ತಲೆಗೆ ಆನಿಸಿ, ಒಳಗೆ ಎಲ್ಲಿ ಏನು ಸವೆದಿದೆ ಎಂದು ಆಲಿಸಿದವನು ಅವನು. ಸುತ್ತ ಉಳಿದ ನೂರತೊಂಬತ್ತೊಂಬತ್ತು ಓಡುತ್ತಲೇ ಇರುತ್ತಿದ್ದವು. ಕಿವಿಗೆ ಹತ್ತಿ ಇಟ್ಟುಕೊಳ್ಳಿ ಎಂದು ಮೇಲ್ವಿಚಾರಕರು ಹೇಳಿದಾಗ ನಕ್ಕಿದ್ದ. ಹತ್ತಿ ಇಟ್ಟುಕೊಂಡರೆ ರೋಗ ಗೊತ್ತಾಗುವುದು ಹೇಗೆ. ಆಲಿಸುವುದನ್ನು ಅವನಿಗೆ ಕಲಿಸಿದ್ದು ಅಮ್ಮ. ನಸುಕಿನಲ್ಲಿ ಅವಳು ಪಾತ್ರೆ ತೊಳೆಯುತ್ತ ಬಾಯಿಪಾಠದ ಪದ್ಯಗಳನ್ನು ಒಂದರ ಹಿಂದೊಂದು ಹೇಳಿಕೊಳ್ಳುತ್ತಿದ್ದಳು. ಒಂದೇ ಹೊದಿಕೆಯಲ್ಲಿ ಅಕ್ಕನೂ ಅವನೂ ಕಣ್ಣು ಮುಚ್ಚಿಕೊಂಡು ಎಚ್ಚರವಾಗಿರುತ್ತಿದ್ದರು. ಅಕ್ಕನಿಗೆ ಪದ್ಯ ಬಾಯಿಗೆ ಬರುತ್ತಿತ್ತು. ಅವನಿಗೆ ಪದ್ಯ ಬರುತ್ತಿರಲಿಲ್ಲ, ಅಮ್ಮ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ ಎಂಬುದು ಬರುತ್ತಿತ್ತು. ಎರಡನೆಯ ಸಾಲಿನ ಕೊನೆಗೆ ಒಂದು ಚಿಕ್ಕ ತಡೆ, ಆಮೇಲೆ ನೀರು ಸುರಿದ ಹಾಗೆ ಮೂರನೆಯ ಸಾಲು. "ಇವನು ಹೇಳಲ್ಲ, ಕೇಳ್ತಾನೆ," ಎನ್ನುತ್ತಿದ್ದಳು ಅಮ್ಮ, "ಅದೂ ಒಂದು ಕೆಲಸವೇ." ಎಷ್ಟೋ ವರ್ಷಗಳ ಮೇಲೆ ಅಕ್ಕ ಅವನನ್ನು ಮೊದಲ ಸಲ ಆ ನದಿಗೆ ಕರೆದುಕೊಂಡು ಹೋದಾಗ, ತಿರುವಿನಾಚೆ ಇನ್ನೂ ಕಣ್ಣಿಗೆ ಬೀಳದ ಇಳಿಜಾರಿನ ನೀರು ಅದೇ ರೀತಿ ಒಂದು ಉಸಿರು ತೆಗೆದುಕೊಂಡದ್ದು ಅವನಿಗೆ ಕೇಳಿಸಿತ್ತು. ಅಂದಿನಿಂದ ರಬ್ಬರ್ ದೋಣಿಯಲ್ಲಿ ಎಡಗಡೆಯ ಮುಂದಿನ ಜಾಗ ಅವನದು. ಪ್ರತಿ ದೊಡ್ಡ ಇಳಿತಕ್ಕೂ ಮುಂಚೆ ದೋಣಿ ಕಟ್ಟಿ, ದಡದ ಮೇಲೆ ನಡೆದು ನೋಡಿ, ಕೊನೆಗೆ ಎಲ್ಲರೂ ಸುಮ್ಮನಾಗುತ್ತಿದ್ದರು. ಅವನು ಕಣ್ಣು ಮುಚ್ಚಿ ನಿಂತು, "ಸರಿ, ಹೋಗೋಣ," ಎಂದ ಮೇಲೆಯೇ ಹಗ್ಗ ಬಿಚ್ಚುವುದು. ಎರಡು ವರ್ಷದಿಂದ ಅವನು ಹಾಗೆಯೇ ಕಣ್ಣು ಮುಚ್ಚಿ, ಮನಸ್ಸಿನಲ್ಲಿ ಹತ್ತು ಎಣಿಸಿ, "ಸರಿ" ಎನ್ನುತ್ತಿದ್ದ.

ಡಾಕ್ಟರ ಬಳಿ ಹೋದದ್ದು ಹೋದ ವರ್ಷದ ಪ್ರಯಾಣದ ನಂತರ, ಯಾರಿಗೂ ಹೇಳದೆ. ಗಾಜಿನ ಕೋಣೆಯೊಳಗೆ ಕೂರಿಸಿ, ಸದ್ದು ಕೇಳಿದಾಗಲೆಲ್ಲ ಈ ಗುಂಡಿ ಒತ್ತಿ ಎಂದಳು ಪರೀಕ್ಷೆ ಮಾಡುವ ಹುಡುಗಿ. ಗಾಜಿನಾಚೆ ಅವಳ ಭುಜ ಅಲುಗಿದಾಗಲೆಲ್ಲ ಅವನು ಒತ್ತಿದ. ಐದಾರು ಸಲ ಹಾಗಾದ ಮೇಲೆ ಅವಳು ಎದ್ದು ತನ್ನ ಕುರ್ಚಿಯನ್ನು ತಿರುಗಿಸಿಕೊಂಡು ಅವನಿಗೆ ಬೆನ್ನು ಹಾಕಿ ಕೂತಳು. ಆಮೇಲೆ ಅವನ ಹೆಬ್ಬೆರಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ, ಗದ್ದಲದಲ್ಲಿ ಮಾತು ಬೇರೆಯಾಗಿ ಕೇಳುವುದಿಲ್ಲ ಎಂದು ಬರೆದ ಕಾಗದ ಈಗಲೂ ಅವನ ಸೂಜಿಗಳ ಪೆಟ್ಟಿಗೆಯ ತಳದಲ್ಲಿ ನಾಲ್ಕು ಮಡಿಕೆಯಾಗಿ ಕೂತಿದೆ. "ಎಷ್ಟು ದಿನದಿಂದ ಹೀಗೆ?" ಎಂದು ಡಾಕ್ಟರು ಕೇಳಿದಾಗ, "ಒಂದು ವಾರದಿಂದ," ಎಂದಿದ್ದ. ಯಾರ ಹತ್ತಿರ ಸುಳ್ಳು ಹೇಳುತ್ತಿದ್ದೇನೆ ಎಂದು ಆಮೇಲೆ ಮೆಟ್ಟಿಲು ಇಳಿಯುವಾಗ ನಾಚಿಕೆಯಾಗಿತ್ತು.

ಮಧ್ಯಾಹ್ನ ಮೂರಕ್ಕೆ ಅಕ್ಕನ ಮನೆಗೆ ಹೋದಾಗ ಊಟದ ಮೇಜಿನ ಮೇಲೆ ನಕ್ಷೆ ಹರಡಿತ್ತು. ಮೂಲೆ ಮಡಚದಿರಲೆಂದು ಒಂದು ಕಡೆ ಸಕ್ಕರೆ ಡಬ್ಬಿ, ಇನ್ನೊಂದು ಕಡೆ ಇಸ್ತ್ರಿ ಪೆಟ್ಟಿಗೆ. ಅಕ್ಕ ಊರಿನ ಈಜುಕೊಳದಲ್ಲಿ ಈಜು ಕಲಿಸುವವಳು, ಐವತ್ತು ದಾಟಿದ್ದರೂ ನಿಂತರೆ ಕಂಬ. ದೋಣಿಯ ಹಿಂಬದಿಯಲ್ಲಿ ಕೂತು ದಾರಿ ಹಿಡಿಯುವವಳೂ ಕೂಗಿ ಹೇಳುವವಳೂ ಅವಳೇ. ಗುರುವಾರ ಬೆಳಿಗ್ಗೆ ಹಳೆ ಸೇತುವೆಯ ಕೆಳಗೆ ದೋಣಿ ಇಳಿಸುವುದು. ಮೊದಲ ದಿನ ಸುಲಭ, ರಾತ್ರಿಗೆ ಮರಳದಿಬ್ಬ. ಎರಡನೆಯ ದಿನ ಕಣಿವೆ ಶುರು. ಅಲ್ಲಿಂದ ಎರಡೂ ಕಡೆ ರಸ್ತೆಯಿಲ್ಲ, ಫೋನಿಲ್ಲ, ಬೇಡವೆನಿಸಿದರೂ ಹಿಂದಕ್ಕೆ ಬರುವಂತಿಲ್ಲ. ಮೂರನೆಯ ದಿನ, ಅವರು 'ಬೀಸುಕಲ್ಲು' ಎಂದು ಹೆಸರಿಟ್ಟ ಜಾಗ: ನದಿ ಸೊಂಟ ಬಿಗಿದುಕೊಂಡು ಒಂದು ಕರಿ ಬಂಡೆಯ ಸುತ್ತ ತಿರುಗುವಲ್ಲಿ. ನಾಲ್ಕನೆಯ ದಿನ ಅಗಲ ನೀರು, ಸಂಜೆಗೆ ಕಾರು ನಿಲ್ಲಿಸಿದ ದಡ.

"ಕಾರಿನ ಕೀಲಿ ಯಾರ ಹತ್ತಿರ ಇರತ್ತೆ ಅಂತ ಮೊದಲು ಬರೀರಿ," ಎಂದಳು ಔಷಧಿ ಅಂಗಡಿಯಾಕೆ. ಅವಳದು ಬಲಗಡೆಯ ಮುಂದಿನ ಜಾಗ.

"ಒಂದೇ ಒಂದು ಸಲ ದೋಣಿ ಇಳಿಸೋ ಕಡೆಗೆ ಬಿಟ್ಟುಹೋದ ಜೀಪಲ್ಲಿ ಮರೆತು ಬಂದಿದ್ದಕ್ಕೆ ಆರು ವರ್ಷದಿಂದ ಅಂತಿದೀರಲ್ಲ," ಎಂದ ಅವಳ ಹಿಂದೆ ಕೂರುವ ಬೇಕರಿಯವನು.

"ಹನ್ನೊಂದು ಮೈಲಿ ಒದ್ದೆ ಬಟ್ಟೇಲಿ ನಡೆಸಿದೀರ. ಕಾಲು ಇರೋವರೆಗೂ ಅಂತೀನಿ."

ಈ ಸಲ ಕೆಳಗಿನ ದಡದಲ್ಲಿ ಕಾರನ್ನು ಒಂಟಿಯಾಗಿ ನಿಲ್ಲಿಸುವುದೇ ಬೇಡ, ಅದನ್ನು ಓಡಿಸಿಕೊಂಡು ಬಂದು ಅಲ್ಲೇ ಕಾಯಲಿ ಎಂದು ಅಂಚೆಯವನನ್ನು ಒಪ್ಪಿಸಿದ್ದರು. ಹೋದ ವರ್ಷ ಅವನಿದ್ದದ್ದು ಎಡಗಡೆಯ ಹಿಂದಿನ ಜಾಗದಲ್ಲಿ, ಮೆಕ್ಯಾನಿಕ್ಕನ ಬೆನ್ನಿಗೆ. ಈಗ ಮೇಜಿನಿಂದ ಸ್ವಲ್ಪ ದೂರ, ಕಿಟಕಿಯ ಪಕ್ಕದ ಗಿಡ್ಡ ಬೆತ್ತದ ಪೀಠದ ಮೇಲೆ ಮೊಣಕಾಲು ಎದೆಯ ಮಟ್ಟಕ್ಕೆ ಬರುವಂತೆ ಕೂತಿದ್ದ. ಅಷ್ಟು ಉದ್ದದ ಮನುಷ್ಯ.

"ಅಂಚೆಯವರಿಗೆ ರಸ್ತೇನೇ ವಾಸಿ ಬಿಡಿ," ಎಂದ ಬೇಕರಿಯವನು. "ರಸ್ತೆ ಅಲ್ಲಾಡಲ್ಲ. ಯಾರೂ ಮುಂದೆ ಹಿಂದೆ ಅಂತ ಕೂಗಲ್ಲ."

"ನಾಯಿ ಬೊಗಳತ್ತಲ್ಲ," ಎಂದ ಅಂಚೆಯವನು. "ಅದು ಚೆನ್ನಾಗಿ ಕೇಳಿಸತ್ತೆ ನಂಗೆ." ಎಲ್ಲರೂ ನಕ್ಕರು, ಅವನೂ ನಕ್ಕ, ನಗುತ್ತ ಎಡಭುಜವನ್ನು ಒಂದು ಸುತ್ತು ತಿರುಗಿಸಿ ಕೆಳಗೆ ಬಿಟ್ಟ. ಪತ್ರದ ಚೀಲ ಈಗ ಬಲಭುಜಕ್ಕೆ ಬಂದಿದೆ. ಕಾರ್ಖಾನೆಯ ಗೇಟಿನಲ್ಲಿ ದಿನಾ ಹತ್ತೂವರೆಗೆ ಅವನನ್ನು ನೋಡುವಾಗ ಮೆಕ್ಯಾನಿಕ್ಕನ ಕಣ್ಣು ಮೊದಲು ಹೋಗುವುದು ಆ ಚೀಲದ ಪಟ್ಟಿಗೆ. ಇತ್ತೀಚೆಗೆ ಅವನು ಪತ್ರ ಕೊಡುವ ಮುಂಚೆ ವಿಳಾಸವನ್ನು ಎರಡೆರಡು ಸಲ ಓದುತ್ತಾನೆ; ಕೊಟ್ಟು ಹತ್ತು ಹೆಜ್ಜೆ ಹೋದವನು ತಿರುಗಿ ಬಂದು, "ಸರಿಯಾದ್ದೇ ಕೊಟ್ನಲ್ಲ?" ಎಂದು ಕಾವಲಿನವನನ್ನು ಕೇಳುತ್ತಾನೆ. ಹಿಂದೆ ಹೀಗಿರಲಿಲ್ಲ.

ದೋಣಿಯಲ್ಲಿ ಎಲ್ಲರೂ ಅಕ್ಕನ ಕೂಗು ಕೇಳಿ ಹುಟ್ಟು ಹಾಕಬೇಕು; ನೀರಿನ ಅಬ್ಬರಕ್ಕೆ ಕೂಗು ಕೇಳದೆ ಹೋದರೆ ಹಿಂದಿನವರು ಮುಂದಿನವರ ಹುಟ್ಟನ್ನು ನೋಡಿ ಹಾಕಬೇಕು. ಇದು ಅಕ್ಕನ ಮೊದಲ ಪಾಠ. ಹೋದ ವರ್ಷ ಬೀಸುಕಲ್ಲಿನಲ್ಲಿ ಕರಿ ಬಂಡೆ ಬಲಕ್ಕೆ ಕಂಡ ಕ್ಷಣ "ಎಡ ಹಿಂದೆ" ಎಂದು ಅಕ್ಕ ಕೂಗಿರಬೇಕು, ಪ್ರತಿ ವರ್ಷ ಕೂಗುವ ಹಾಗೆ. ಮೆಕ್ಯಾನಿಕ್ಕನಿಗೆ ಕೇಳಿದ್ದು ನದಿಯೊಂದೇ. ಅದು ಚೆನ್ನಾಗಿಯೇ ಕೇಳುತ್ತಿತ್ತು, ಎಲ್ಲ ಕಡೆಯಿಂದ, ಮುಗಿಯದ ಒಂದೇ ಸಾಲಿನ ಹಾಗೆ. ಅವನು ಮುಂದಕ್ಕೆ ಹಾಕುತ್ತಲೇ ಇದ್ದ. ಅವನ ಬೆನ್ನಿನ ಹಿಂದೆ ಅಂಚೆಯವನೂ ಮುಂದಕ್ಕೆ ಹಾಕುತ್ತಲೇ ಇದ್ದ. ತಿರುಗಬೇಕಾದ ದೋಣಿ ತಿರುಗದೆ ಬಲಬದಿಯಲ್ಲಿ ಬಂಡೆ ಹತ್ತಿ ಎಡಕ್ಕೆ ವಾಲಿತು. ಅಂಚೆಯವನು ನೀರಿಗೆ ಬಿದ್ದ, ಅವನ ಎಡಭುಜ ಕಲ್ಲಿಗೆ ಬಡಿಯಿತು. ತನ್ನ ಕಾಲು ದೋಣಿಯ ತಳದ ಪಟ್ಟಿಯಲ್ಲಿ ಸಿಕ್ಕಿದ್ದರಿಂದ ತಾನು ಉಳಿದೆ ಎಂಬುದು ಮೆಕ್ಯಾನಿಕ್ಕನಿಗೆ ಗೊತ್ತು. ದಡದಲ್ಲಿ ಅಂಚೆಯವನ ತೋಳನ್ನು ಹುಟ್ಟಿಗೆ ಸೇರಿಸಿ ಬಟ್ಟೆಯಲ್ಲಿ ಬಿಗಿಯುತ್ತ ಅಕ್ಕ ಕೇಳಿದಳು: "ಹಿಂದೆ ಅಂತ ಅಷ್ಟು ಕೂಗಿದೆನಲ್ಲ, ಯಾಕೆ ಮುಂದೆ ಹಾಕಿದೆ?" ಹಿಂಬದಿಯಿಂದ ಅವಳಿಗೆ ಕಂಡದ್ದು ಆ ಉದ್ದನೆಯ ಬೆನ್ನು ಮಾತ್ರ, ಅದರ ಮುಂದೆ ಇದ್ದವನು ಅದರ ಮರೆಯಲ್ಲಿದ್ದ. ಬಲಗಡೆಯ ಇಬ್ಬರೂ ತಮ್ಮ ಕಡೆಯ ಬಂಡೆ ನೋಡುತ್ತಿದ್ದರು. ಅಂಚೆಯವನು ತುಟಿ ಕಚ್ಚಿಕೊಂಡು, "ಗೊತ್ತಿಲ್ಲ ಅಕ್ಕ. ನಂದೇ ತಪ್ಪಿರಬೇಕು," ಎಂದ. ಅಲ್ಲಿಂದ ಒಂದೂವರೆ ದಿನ, ರಸ್ತೆ ಸಿಗುವವರೆಗೆ, ದೋಣಿಯ ನಡುವೆ ಸಾಮಾನಿನ ಮೂಟೆಗಳ ಮೇಲೆ ಅವನನ್ನು ಮಲಗಿಸಿಕೊಂಡು ಬಂದರು. ಅಷ್ಟು ಹೊತ್ತೂ ಮೆಕ್ಯಾನಿಕ್ ನಿಜ ಹೇಳಬಹುದಿತ್ತು. ನೋವು ಕಡಿಮೆಯಾಗಲಿ, ಆಮೇಲೆ ಹೇಳೋಣ. ಊರು ತಲುಪಲಿ, ಆಮೇಲೆ. ಪಟ್ಟಿ ಬಿಚ್ಚಲಿ, ಆಮೇಲೆ. ಪಟ್ಟಿ ಬಿಚ್ಚಿದ ದಿನ ಅವನು ಬಿಸ್ಕತ್ತಿನ ಪೊಟ್ಟಣ ತೆಗೆದುಕೊಂಡು ಹೋಗಿದ್ದ. "ನೀನು ಅಷ್ಟು ಹತ್ತಿರ ಇದ್ಯಲ್ಲ, ನಿಂಗೇನಾದ್ರೂ ಗೊತ್ತಾಯ್ತಾ ಮಾರಾಯ, ನಾನು ಏನು ಮಾಡಿದೆ ಅಂತ?" ಎಂದು ಅಂಚೆಯವನು ಕೇಳಿದ. ಮೆಕ್ಯಾನಿಕ್ ಇಲ್ಲವೆಂದು ತಲೆಯಾಡಿಸಿ, ಪೊಟ್ಟಣದ ದಾರ ಬಿಚ್ಚಿದ್ದ.

"ಉಪ್ಪು ಎಷ್ಟು ಬರೆಯಲಿ?" ಎಂದು ಯಾರೋ ಕೇಳಿದರು. ಬಲಗಡೆಯಿಂದ ಕೇಳಿದ್ದರಿಂದ ಅವನಿಗೆ ಗೊತ್ತಾಯಿತು. ಕೇಳಿದವಳು ಹೊಸಬಳು, ಶಾಲೆಯ ಟೀಚರ್. ಅಕ್ಕನ ಹತ್ತಿರ ಎರಡು ವರ್ಷ ಈಜು ಕಲಿತು, ಈ ಸಲ ಅಂಚೆಯವನ ಜಾಗಕ್ಕೆ ಬಂದಿದ್ದಳು. ಗುಂಡುಗುಂಡಾದ ಅಕ್ಷರದಲ್ಲಿ ಪಟ್ಟಿ ಬರೆಯುತ್ತಿದ್ದಳು: ಮೇಣದಲ್ಲಿ ಅದ್ದಿದ ಬೆಂಕಿಕಡ್ಡಿ, ಈರುಳ್ಳಿ, ಚಹಪುಡಿ, ತೇಪೆ ಹಾಕುವ ರಬ್ಬರ್, ಎಸೆಯುವ ಹಗ್ಗ ಎರಡು.

"ಒಂದು ಹಿಡಿ ಸಾಕು," ಎಂದ ಅವನು.

"ಯಾರ ಹಿಡಿ? ಅಕ್ಕನ ಹಿಡಿಯೋ ನನ್ನ ಹಿಡಿಯೋ?" ಎಂದು ಅವಳು ತನ್ನ ಪುಟ್ಟ ಮುಷ್ಟಿ ತೋರಿಸಿದಳು. ಅವನು ಆ ಮುಷ್ಟಿಯಿಂದ ಅವಳ ಭುಜದತ್ತ ನೋಡಿದ. ಇವಳ ಭುಜ ಎಷ್ಟಿರಬಹುದು. ಶರ್ಟಿನ ಅಳತೆಯಲ್ಲಿ ಹೇಳುವುದಾದರೆ ಹದಿನಾಲ್ಕು ಇಂಚು.

ಪಟ್ಟಿ ಮುಗಿದ ಮೇಲೆ ಅಕ್ಕನ ಪದ್ಧತಿಯಂತೆ ತಾಲೀಮು. ಹಾಲಿನ ನಡುವೆ ಹಾಸಿಗೆಯ ಎರಡು ಸುರುಳಿಗಳನ್ನು ಉದ್ದಕ್ಕೆ ಇಟ್ಟರೆ ಅದೇ ದೋಣಿ. ಹುಟ್ಟಿಗೆ ಬದಲು ನೆಲ ಒರೆಸುವ ಕೋಲು, ಕೊಡೆ, ಉದ್ದ ಹಿಡಿಯ ಪೊರಕೆ. ನದಿಯ ಸದ್ದಿಗೆ ಅಕ್ಕ ರೇಡಿಯೋವನ್ನು ಎರಡು ಸ್ಟೇಷನ್ನುಗಳ ನಡುವೆ ನಿಲ್ಲಿಸಿ ಪೂರ್ತಿ ಜೋರು ಮಾಡುತ್ತಿದ್ದಳು. ಬಚ್ಚಲಲ್ಲಿ ತಗಡಿನ ಬೋಗುಣಿ ಮಗುಚಿ ಅದರ ಮೇಲೆ ನಲ್ಲಿ ಬಿಡುತ್ತಿದ್ದಳು. ಇಷ್ಟರ ನಡುವೆ ನನ್ನ ಮಾತು ಹೆಕ್ಕಿಕೊಂಡರೆ ನದೀಲೂ ಹೆಕ್ಕಿಕೊಳ್ತೀರಿ ಎನ್ನುವುದು ಅವಳ ಲೆಕ್ಕ.

"ಟೀಚರ್, ಒಂದೇ ನೆನಪಿಟ್ಟುಕೊಳ್ಳಿ," ಎಂದಳು ಅಕ್ಕ. "ನನ್ನ ಕೂಗು ಕೇಳಿಸಿದರೆ ಸರಿ. ಕೇಳಿಸದೆ ಹೋದರೆ ಇವನ ಹುಟ್ಟು ನೋಡಿ. ನಮ್ಮ ಪುಟ್ಟನ ಕಿವಿ ಅಂದರೆ ಇಡೀ ದೋಣಿಯ ಕಿವಿ."

ನಲವತ್ತೈದು ವರ್ಷದ ಪುಟ್ಟ ಎಡಗಡೆಯ ಮುಂದಿನ ಜಾಗದಲ್ಲಿ ಕೂತು ಎದುರಿಗೆ ನೋಡಿದ. ಎದುರಿಗೆ ಅಕ್ಕನ ಟಿ.ವಿ. ಇತ್ತು, ಆರಿಸಿದ್ದು. ಅದರ ಕಪ್ಪು ಗಾಜಿನಲ್ಲಿ ಇಡೀ ದೋಣಿ ಕಾಣುತ್ತಿತ್ತು, ಎಲ್ಲರ ಹಿಂದೆ ನಿಂತ ಅಕ್ಕನೂ ಕಾಣುತ್ತಿದ್ದಳು. ಕೂಗುವಾಗ ಅವಳು ಕೈಯನ್ನೂ ಬೀಸುತ್ತಾಳೆ. ಹೋದ ವರ್ಷದ ತಾಲೀಮಿನಲ್ಲೂ ಅವನನ್ನು ಕಾಪಾಡಿದ್ದು ಈ ಗಾಜೇ. ರೇಡಿಯೋ ಮೊರೆಯಿತು, ನಲ್ಲಿ ಬಡಿಯಿತು. ಗಾಜಿನಲ್ಲಿ ಕೈ ಮುಂದೆ ಬಂತು: ಮುಂದೆ. ಕೈ ಮೇಲೆದ್ದಿತು: ನಿಲ್ಲಿ. ಎಡಗೈ ಹಿಂದಕ್ಕೆ: ಎಡ ಹಿಂದೆ. ಅವನ ಪೊರಕೆ ಒಮ್ಮೆಯೂ ತಪ್ಪಲಿಲ್ಲ. ಅವನ ಹಿಂದೆ ಟೀಚರ ಕೊಡೆಯೂ ನೆರಳಿನ ಹಾಗೆ ಬರುತ್ತಿತ್ತು. "ನೋಡಿದ್ರಾ, ಹೀಗೆ," ಎಂಬಂತೆ ಅಕ್ಕನ ಬಾಯಿ ಆಡಿತು. ಅವನಿಗೆ ಅಮ್ಮನ ನೆನಪಾಯಿತು. ಇವನು ಕೇಳ್ತಾನೆ ಎಂದು ಅಮ್ಮ ಪಕ್ಕದ ಮನೆಯವರಿಗೆ ಹೇಳುವಾಗ ಸುಮ್ಮನೆ ಕಣ್ಣು ಮುಚ್ಚಿಕೊಂಡು ನಿದ್ದೆಗೆ ಜಾರಿದ್ದ ದಿನಗಳೂ ಇದ್ದವು, ಅವತ್ತೂ ಯಾರಿಗೂ ಹೇಳಿರಲಿಲ್ಲ. ಬೀಸುಕಲ್ಲಿನಲ್ಲಿ ಎದುರಿಗೆ ಯಾವ ಗಾಜು ಇರುತ್ತದೆ ಎಂದುಕೊಂಡ. ಗುರುವಾರದೊಳಗೆ ಏನಾದರೂ ಆಗಬಹುದು, ಮಳೆ ಬಂದು ನೀರು ಏರಿ ಪ್ರಯಾಣವೇ ನಿಲ್ಲಬಹುದು, ತನಗೆ ಜ್ವರ ಬರಬಹುದು. ಜ್ವರಕ್ಕೆ ಒಂದು ಮರ್ಯಾದೆಯಿದೆ.

ಸೆಕೆಯಾಗುತ್ತಿತ್ತು. ಔಷಧಿ ಅಂಗಡಿಯಾಕೆ ಕತ್ತಿನ ಬೆವರು ಒರೆಸಿ ಕಿಟಕಿಯತ್ತ ಕೈ ತೋರಿಸಿದ್ದಿರಬೇಕು. ಅಕ್ಕ ಗಾಜಿನೊಳಗಿಂದ ಸರಿದು ಕಿಟಕಿಗೆ ಹೋಗಿ ಪರದೆ ಸರಿಸಿ ಬಾಗಿಲು ತೆರೆದಳು. ನಾಲ್ಕೂವರೆಯ ಬಿಸಿಲು ನೇರ ಬಂದು ಟಿ.ವಿ.ಯ ಮೇಲೆ ಬಿತ್ತು. ದೋಣಿಯೂ ಇಲ್ಲ, ಅಕ್ಕನೂ ಇಲ್ಲ. ಬರೀ ಬೆಳ್ಳಗಿನ ಬೆಳಕು, ಧೂಳು. ಅವನು ಮುಂದಕ್ಕೆ ಹಾಕುತ್ತಲೇ ಇದ್ದ. ಮುಂದೆ, ಮುಂದೆ. ಎಲ್ಲ ಕಡೆಯಿಂದ ಮೊರೆಯುವ ಒಂದೇ ಸದ್ದು, ಅದರಲ್ಲಿ ಎಲ್ಲೂ ಉಸಿರಿಲ್ಲ. ಆಗ ಎಡಗಾಲಿನ ಮೇಲೆ ಏನೋ ಬಿಸಿಯಾಗಿ ಚೆಲ್ಲಿತು. ಟೀಚರ ಕೊಡೆ ಮುಂದಕ್ಕೆ ಬೀಸಿ ಪಕ್ಕದ ಸ್ಟೂಲನ್ನು ಉರುಳಿಸಿತ್ತು, ಚಹದ ಲೋಟಗಳೆಲ್ಲ ನೆಲಕ್ಕೆ. ಅವನು ತಿರುಗಿ ನೋಡುವಷ್ಟರಲ್ಲಿ ಅವನ ಕೈಗಳು, ಅವನನ್ನು ಕೇಳದೆಯೇ, ಪೊರಕೆಯನ್ನು ಹಿಂದಕ್ಕೆ ಎಳೆಯುತ್ತಿದ್ದವು. ಅದು ಅವನಿಗೆ ಕಂಡಿತು. ತನ್ನ ಕೈಗಳು ಸುಳ್ಳು ಹೇಳುವುದನ್ನು ಅವನು ಬೇರೆಯವರ ಕೈಗಳನ್ನು ನೋಡಿದ ಹಾಗೆ ನೋಡಿದ.

ಅಕ್ಕ ಕಿಟಕಿಯಿಂದ ತಿರುಗಿದಳು, ರೇಡಿಯೋ ತಗ್ಗಿಸಿದಳು. "ಎಡ ಹಿಂದೆ ಅಂದೆ ಟೀಚರ್."

"ಅಯ್ಯೋ, ಸಾರಿ," ಎಂದಳು ಟೀಚರ್. ಮುಖ ಕೆಂಪಗಾಗಿತ್ತು. "ನಂಗೆ ಹಿಂದೆ ಅಂತಲೇ ಕೇಳಿಸ್ತು. ಆದರೆ ಕೈ ಮುಂದೆ ಹೋಯ್ತು. ಗೊತ್ತಿಲ್ಲ ಯಾಕೆ ಅಂತ. ನಂದೇ ತಪ್ಪು."

"ಆ ಜಾಗಕ್ಕೇ ಏನೋ ದೋಷ ಇದೆ ಕಣ್ರಿ," ಎಂದ ಬೇಕರಿಯವನು. "ಅಲ್ಲಿ ಕೂತವರಿಗೆಲ್ಲ ಹಿಂದೆ ಮುಂದೆ ಗೊತ್ತಾಗಲ್ಲ."

ಎಲ್ಲರೂ ನಕ್ಕರು. ಟೀಚರ್ ಬಗ್ಗಿ ಲೋಟಗಳನ್ನು ಹೆಕ್ಕತೊಡಗಿದಳು. ಕಿಟಕಿಯ ಪಕ್ಕದಲ್ಲಿ ಅಂಚೆಯವನೊಬ್ಬನೇ ನಗದೆ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ಅವಳನ್ನೇ ನೋಡುತ್ತಿದ್ದ. ಅವನ ಬಲಗೈ ಎಡಭುಜದ ಮೇಲಿತ್ತು.

"ತಪ್ಪು ಅವರದ್ದಲ್ಲ," ಎಂದ ಮೆಕ್ಯಾನಿಕ್. ಬಚ್ಚಲಿನ ನಲ್ಲಿ ಇನ್ನೂ ಬಡಿಯುತ್ತಿದ್ದುದರಿಂದ ತಾನು ಎಷ್ಟು ಜೋರಾಗಿ ಹೇಳಿದೆ ಎಂದು ಅವನಿಗೆ ತಿಳಿಯಲಿಲ್ಲ. ಬಹುಶಃ ಕಿರುಚಿದ್ದ, ಎಲ್ಲರೂ ತಿರುಗಿದರು. "ಅವರು ನನ್ನ ನೋಡಿ ಹಾಕಿದ್ರು. ನಾನು ಮುಂದೆ ಹಾಕ್ತಿದ್ದೆ. ನಂಗೆ ಕೇಳಿಸ್ಲಿಲ್ಲ ಅಕ್ಕ. ಇಷ್ಟು ಹೊತ್ತೂ ಕೇಳಿಸ್ತಿರ್ಲಿಲ್ಲ, ಟಿ.ವಿ.ಲಿ ನಿನ್ನ ಕೈ ನೋಡ್ತಿದ್ದೆ." ಆಮೇಲೆ, ನಿಲ್ಲಿಸಿದರೆ ಇನ್ನೊಂದು ವರ್ಷ ಹೋಗುತ್ತದೆ ಎಂಬಂತೆ, "ಹೋದ ಸಲ ಬೀಸುಕಲ್ಲಲ್ಲೂ ನಾನೇ. ಇವನು ನನ್ನ ಹುಟ್ಟು ನೋಡಿ ಹಾಕಿದ," ಎಂದ. ಅಂಚೆಯವನತ್ತ ನೋಡುವುದಾಗಲಿಲ್ಲ. ಪೊರಕೆಯ ಹಿಡಿಯನ್ನು ನೋಡಿದ. ಎಡಗಿವಿ, ಬಲಗಿವಿ, ಡಾಕ್ಟರು, ಕಾಗದ ಎಲ್ಲವನ್ನೂ ಆ ಪೊರಕೆಗೇ ಹೇಳಿದ.

ಯಾರೋ ಹೋಗಿ ನಲ್ಲಿ ನಿಲ್ಲಿಸಿದರು. ಅಂಚೆಯವನು ಪೀಠದಿಂದ ಮೇಲೆದ್ದ, ಎದ್ದು ಮುಗಿಯುವುದಕ್ಕೆ ಅವನಿಗೆ ಯಾವಾಗಲೂ ಹೊತ್ತು ಬೇಕು, ಹತ್ತಿರ ಬಂದು ನಿಂತ. ಹೊಡೆಯುತ್ತಾನೆ ಎಂದುಕೊಂಡ ಮೆಕ್ಯಾನಿಕ್. ಹೊಡೆದರೆ ಎಷ್ಟೋ ವಾಸಿ.

"ಹಾಗಾದ್ರೆ ನಾನು ಸರಿಯಾಗೇ ನೋಡಿದ್ದೆ," ಎಂದ ಅಂಚೆಯವನು.

"ಹೂಂ."

"ನಿನ್ನ ಹುಟ್ಟು ಮುಂದೇನೇ ಹೋಗ್ತಿತ್ತು."

"ಹೂಂ."

"ಒಂದು ವರ್ಷ ಮಾರಾಯ," ಎಂದ ಅಂಚೆಯವನು. ಅವನ ದನಿಯಲ್ಲಿ ಸಿಟ್ಟು ಹುಡುಕಿದರೂ ಸಿಗಲಿಲ್ಲ; ಕಳೆದುಹೋದ ಏನೋ ಒಂದು ತನ್ನದೇ ಜೇಬಿನಲ್ಲಿ ಸಿಕ್ಕವನ ಹಾಗಿತ್ತು. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. "ಇವೇ ಕೆಟ್ಟುಹೋದವು ಅಂದ್ಕೊಂಡಿದ್ದೆ. ಒಂದೊಂದು ಕಾಗದಾನೂ ಎರಡೆರಡು ಸಲ ನೋಡಿ ಕೊಡೋದು. ಮಗಳ ಸೈಕಲ್ ಹಿಡಿಯೋಕೂ ಹೆದರಿಕೆ." ಅಷ್ಟು ಹೇಳಿ, ಬಗ್ಗಿ, ಟೀಚರ ಕೈಯಿಂದ ಲೋಟ ತೆಗೆದುಕೊಂಡ. "ನಿಮ್ಮದೇನೂ ತಪ್ಪಿಲ್ಲ ಟೀಚರ್. ನೀವು ಚೆನ್ನಾಗಿ ನೋಡ್ತೀರ."

ಅಕ್ಕ ಕತ್ತಿನಲ್ಲಿದ್ದ ಕೆಂಪು ದಾರವನ್ನು ತಲೆಯ ಮೇಲಿಂದ ತೆಗೆದು, ಅದರ ತುದಿಯ ಕಾರಿನ ಕೀಲಿಯನ್ನು ನಕ್ಷೆಯ ಮೇಲೆ, ಕೆಳಗಿನ ದಡ ಇರುವ ಜಾಗದಲ್ಲಿ ಇಟ್ಟಳು. ಅವನಿಗೆ ಅರ್ಥವಾಯಿತು: ಈ ಸಲ ಕೆಳಗಿನ ದಡದಲ್ಲಿ ಕಾರಿನ ಹತ್ತಿರ ಕಾಯುವವನು ತಾನು. ಅರ್ಥವಾದದ್ದೇ ಒಂದು ರೀತಿಯಲ್ಲಿ ಹಗುರವಾಯಿತು, ಅದರ ಬೆನ್ನಿಗೇ ಮರಳದಿಬ್ಬದ ಬೆಳಗು ನೆನಪಾಯಿತು, ಟೆಂಟಿನ ಬಟ್ಟೆಯ ಮೇಲಿನ ಹನಿ, ಒದ್ದೆ ಹಗ್ಗದ ವಾಸನೆ, ಎರಡನೆಯ ದಿನ ಕಣಿವೆಯ ಬಾಯಿಗೆ ಬಂದಾಗ ಯಾರೂ ಮಾತಾಡದ ಆ ಅರ್ಧ ಗಂಟೆ. ಉಳಿದ ಅರ್ಧ ಕಿವಿಯೂ ಮುಂದಿನ ವರ್ಷಕ್ಕೆ ಇರುತ್ತದೋ ಇಲ್ಲವೋ. ನದಿಯನ್ನು ಇನ್ನೊಂದು ಸಲ ಒಳಗಿನಿಂದ ಕೇಳಬೇಕಿತ್ತು, ಅಷ್ಟೇ.

"ಅಕ್ಕ," ಎಂದ. "ಹುಟ್ಟು ಮುಟ್ಟಲ್ಲ. ನಡುವೆ, ಮೂಟೆಗಳ ಹತ್ತಿರ ಕೂತ್ಕೋತೀನಿ. ಸಾಮಾನು ಅಂದ್ಕೋ. ಇದೊಂದು ಸಲ ಕರ್ಕೊಂಡು ಹೋಗು."

ಬೇಕರಿಯವನು ಅಕ್ಕನ ಮುಖ ನೋಡಿದ. ಔಷಧಿ ಅಂಗಡಿಯಾಕೆ, "ಸಾಮಾನಿನ ಜಾಗದಲ್ಲಿ ಅಂದರೆ…" ಎಂದು ಶುರುಮಾಡಿದಳು. ಅಕ್ಕ ರೇಡಿಯೋವನ್ನು ಪೂರ್ತಿ ಆರಿಸಿದಳು. ಹಾಸಿಗೆಯ ಸುರುಳಿಯ ಮೇಲೆ ಇನ್ನೂ ತನ್ನ ಜಾಗದಲ್ಲೇ ಕೂತಿದ್ದ ಅವನ ಎಡಗಡೆಗೆ ಬಂದಳು, ಒಂದು ಕ್ಷಣ ನಿಂತಳು, ಆಮೇಲೆ ಅವನನ್ನು ಬಳಸಿಕೊಂಡು ಬಲಗಡೆಗೆ ಹೋಗಿ, ನೆಲದ ಮೇಲೆ ಮಂಡಿಯೂರಿ ಕೂತಳು. ಚಿಕ್ಕಂದಿನಲ್ಲಿ ಹೊದಿಕೆಯೊಳಗೆ, ಅಮ್ಮನಿಗೆ ಕೇಳಿಸದಂತೆ ಪಿಸುಗುಡುವಾಗ ಬರುತ್ತಿದ್ದಷ್ಟು ಹತ್ತಿರ ಬಂದಳು. ಅವಳ ಉಸಿರು ಕಿವಿಗೆ ತಾಕಿತು. ಒಂದೊಂದು ಅಕ್ಷರವೂ ಕೇಳುವಂತೆ, ನಿಧಾನವಾಗಿ ಹೇಳಿದಳು:

"ಇಲ್ಲ ಪುಟ್ಟ. ಹತ್ತಿಸಲ್ಲ."